ಅಂತರ್ಜಾಲದ ವ್ಯವಹಾರದಲ್ಲಿ ರೈತರು ವಹಿಸತಕ್ಕ ಎಚ್ಚರಿಕೆಗಳು

ಬೆಳೆಯನ್ನು ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದುದನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಮುಖ್ಯವೆಂಬುದು ರೈತರೆಲ್ಲರೂ ಬಲ್ಲ ಸಂಗತಿಯಾಗಿದೆ. ಹೊಲಕ್ಕೆ ಬೇಲಿಯೂ, ಕಣಕ್ಕೆ ಕಾವಲೂ, ಹಗೇವಿಗೆ ಭದ್ರವಾದ ಮುಚ್ಚಳವೂ ಇಲ್ಲದಿದ್ದಲ್ಲಿ ವರ್ಷದ ದುಡಿಮೆಯು ಒಂದು ರಾತ್ರಿಯಲ್ಲಿ ಹಾಳಾಗುವುದುಂಟು. ಈಚಿನ ವರ್ಷಗಳಲ್ಲಿ ರೈತನ ಫಸಲಿನ ಬೆಲೆಯು ನಗದು ರೂಪಾಯಿಗಳಾಗಿ ಸೆರಗಿನ ಗಂಟನ್ನು ಸೇರುವುದು ಕಡಮೆಯಾಗಿ, ಬ್ಯಾಂಕಿನ ಲೆಕ್ಕದಲ್ಲಿ ಬರಿಯ ಅಂಕಿಯಾಗಿ ಬಂದು ನಿಲ್ಲುತ್ತಿರುತ್ತದೆ. ಆ ಲೆಕ್ಕದ ಬೀಗದ ಕೈಯಾದರೋ ಅಂಗಿಯ ಜೇಬಿನಲ್ಲಿರುವ ಮೊಬೈಲ್ ಫೋನಿನೊಳಗೆ ಸೇರಿಕೊಂಡಿದೆ. ಆದಕಾರಣ ಕಳ್ಳನು ಈಗ ಗೋಡೆಗೆ ಕನ್ನವನ್ನು ಕೊರೆಯಬೇಕಾದ ಅಗತ್ಯವಿಲ್ಲ. ನೂರಾರು ಹರದಾರಿ ದೂರದಲ್ಲಿ ಕುಳಿತು, ಸವಿಯಾದ ಮಾತಿನಿಂದಲೋ ಬೆದರಿಕೆಯಿಂದಲೋ ಮನೆಯ ಯಜಮಾನನ ಕೈಯಿಂದಲೇ ಬಾಗಿಲನ್ನು ತೆಗೆಯಿಸುತ್ತಾನೆ.

ಈ ಯಂತ್ರದಿಂದ ಗ್ರಾಮಗಳಿಗೆ ಆಗಿರುವ ಉಪಕಾರವು ಅಲ್ಪವಾದುದಲ್ಲ. ೨೦೦೦ನೆಯ ಇಸವಿಯ ಸುಮಾರಿನಲ್ಲಿ ಕರ್ನಾಟಕ ಸರ್ಕಾರದವರು ‘ಭೂಮಿ’ ಎಂಬ ಯೋಜನೆಯ ಮೂಲಕ ಸುಮಾರು ೬೭ ಲಕ್ಷ ರೈತರಿಗೆ ಸೇರಿದ ೨ ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ೨೦೧೬ರಲ್ಲಿ ಯು.ಪಿ.ಐ. ಎಂಬ ಹಣ ಸಂದಾಯದ ಪದ್ಧತಿಯು ದೇಶದಲ್ಲಿ ಪ್ರಾರಂಭವಾಗಿ, ಸಂತೆಯ ಸೊಪ್ಪಿನ ಅಂಗಡಿಯವರೆಗೂ ಹರಡಿತು. ೨೦೧೯ರಲ್ಲಿ ಮೊದಲಾದ ಪಿ.ಎಂ.-ಕಿಸಾನ್ ಯೋಜನೆಯ ಮೇರೆಗೆ ವರ್ಷಕ್ಕೆ ೬,೦೦೦ ರೂಪಾಯಿಗಳು, ೨,೦೦೦ ರೂಪಾಯಿಗಳಂತೆ ಮೂರು ಕಂತುಗಳಲ್ಲಿ, ಮಧ್ಯಸ್ಥರ ಕೈಗೆ ಸಿಕ್ಕದೆ ನೇರವಾಗಿ ರೈತನ ಲೆಕ್ಕಕ್ಕೆ ಜಮೆಯಾಗುತ್ತಿವೆ. ಮಳೆಯ ಮುನ್ಸೂಚನೆ, ಮಾರುಕಟ್ಟೆಯ ಧಾರಣೆ, ಬೆಳೆ ವಿಮೆ ಮೊದಲಾದುವೆಲ್ಲವೂ ಕುಳಿತಲ್ಲಿಯೇ ತಿಳಿಯುತ್ತವೆ. ಇಂತಹ ಅನುಕೂಲವನ್ನು ಭಯದಿಂದ ಬಿಟ್ಟುಬಿಡುವುದು ಇಲಿಯ ಕಾಟಕ್ಕಾಗಿ ಕಣಜವನ್ನೇ ಸುಟ್ಟಂತಾಗುವುದು. ಆದರೆ ಇಲಿಗಳಿವೆಯೆಂಬುದನ್ನು ಮರೆಯುವುದೂ ವಿವೇಕವಲ್ಲ. ೨೦೨೪ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ಜನರು ಇಂತಹ ಮೋಸಗಳಿಂದ ೨೨,೮೪೫ ಕೋಟಿ ರೂಪಾಯಿಗಳನ್ನು ಕಳೆದುಕೊಂಡರೆಂದು ಕೇಂದ್ರದ ಗೃಹ ಇಲಾಖೆಯವರು ಪಾರ್ಲಿಮೆಂಟಿಗೆ ತಿಳಿಸಿರುತ್ತಾರೆ. ಅದರ ಹಿಂದಿನ ವರ್ಷದ ನಷ್ಟವು ೭,೪೬೫ ಕೋಟಿಯಾಗಿತ್ತು. ಒಂದು ವರ್ಷದಲ್ಲಿ ಮೂರರಷ್ಟಾಗಿರುವ ಈ ಪಿಡುಗನ್ನು ಪೈರಿಗೆ ತಗಲಿದ ಹೊಸ ರೋಗವೆಂದೇ ಭಾವಿಸಿ, ಅದರ ಲಕ್ಷಣವನ್ನೂ ನಿವಾರಣೋಪಾಯವನ್ನೂ ತಿಳಿದುಕೊಳ್ಳುವುದು ಅವಶ್ಯಕವಾಗಿರುತ್ತದೆ.

೧. ಮೋಸದ ಸಾಮಾನ್ಯ ಲಕ್ಷಣಗಳು

ಮೋಸಗಾರರು ತೊಡುವ ವೇಷಗಳು ಅನೇಕವಾಗಿದ್ದರೂ ಅವರು ಹಿಡಿಯುವ ದಾರಿಗಳು ಮೂರೇ ಆಗಿವೆ: ಆಶೆ, ಭಯ, ಆತುರ. ಬರಬೇಕಾಗಿಲ್ಲದ ಹಣವು ಬರುವುದೆಂದು ಆಶೆಯನ್ನು ತೋರಿಸುವರು. ಇರುವುದೆಲ್ಲವೂ ಹೋಗುವುದೆಂದು ಭಯವನ್ನು ಹುಟ್ಟಿಸುವರು. ಈ ಎರಡರಲ್ಲಿ ಯಾವುದಾದರೂ ಆಗಲಿ, ಈ ಕ್ಷಣದಲ್ಲಿಯೇ ಮಾಡತಕ್ಕದ್ದೆಂದು ಆತುರಪಡಿಸುವರು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ನಾಣ್ಣುಡಿಯು ಇವರಿಗೆ ಚೆನ್ನಾಗಿ ಗೊತ್ತು. ಸಾಚಾ ಆದ ಯಾವ ಸರ್ಕಾರಿ ಕೆಲಸವೂ ಹತ್ತು ನಿಮಿಷ ತಡವಾದುದರಿಂದ ಕೆಡುವುದಿಲ್ಲ. ಆದುದರಿಂದ ಹಣದ ವಿಷಯದಲ್ಲಿ ಯಾರಾದರೂ ಅವಸರಪಡಿಸಿದಲ್ಲಿ, ಆ ಅವಸರವನ್ನೇ ಮೋಸದ ಮೊದಲನೆಯ ಗುರುತೆಂದು ತಿಳಿದು, ಫೋನನ್ನು ಇಟ್ಟು, ಮನೆಯವರಲ್ಲಿಯೋ ನೆರೆಯವರಲ್ಲಿಯೋ ಆಲೋಚಿಸತಕ್ಕದ್ದು.

೨. ರೈತರಿಗೆ ಒಡ್ಡುವ ಬಲೆಗಳು

(ಅ) ಕಂತಿನ ಹೆಸರಿನಲ್ಲಿ ಬರುವ ಕಡತ.—ಪಿ.ಎಂ.-ಕಿಸಾನ್ ಕಂತು ಬಿಡುಗಡೆಯಾಗುವ ಕಾಲಗಳಲ್ಲಿ ವಾಟ್ಸಪ್ಪಿನ ಮೂಲಕ ಒಂದು ಕಡತವು ಬರುವುದುಂಟು. ಅದರ ಹೆಸರಿನ ಕೊನೆಯಲ್ಲಿ ಎ.ಪಿ.ಕೆ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಇದೇ ಬಗೆಯ ಕಡತವು ಮದುವೆಯ ಕರೆಯೋಲೆಯ ಹೆಸರಿನಲ್ಲಿಯೂ, ವಾಹನದ ದಂಡದ ಚಲನ್ನಿನ ಹೆಸರಿನಲ್ಲಿಯೂ ಬರುತ್ತದೆ. ಅದನ್ನು ಒತ್ತಿ ಒಳಗೆ ಸೇರಿಸಿಕೊಂಡ ಕೂಡಲೇ ಅದು ಫೋನಿಗೆ ಬರುವ ಸಂದೇಶಗಳನ್ನು ಓದಿ, ಬ್ಯಾಂಕಿನಿಂದ ಬರುವ ಓ.ಟಿ.ಪಿ. ಅಂಕಿಗಳನ್ನು ಕಳ್ಳನಿಗೆ ರವಾನಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ಫೋನಿನ ಒಡೆಯನ ಹೆಸರಿನಲ್ಲಿಯೇ ಅವನ ಬಂಧುಮಿತ್ರರಿಗೆಲ್ಲಾ ಅದೇ ಕಡತವನ್ನು ಹಂಚುತ್ತದೆ. ಬಂಧುವಿನಿಂದ ಬಂದಿತೆಂಬ ನಂಬುಗೆಯಿಂದ ಅವರೂ ಒತ್ತುತ್ತಾರೆ. ಒಂದು ಗಿಡದ ರೋಗವು ಗಾಳಿಯಿಂದ ಇಡೀ ತೋಟಕ್ಕೆ ಹರಡುವ ಕ್ರಮವೇ ಇದು. ಆದುದರಿಂದ ಸ್ವಂತ ಅಣ್ಣನೇ ಕಳುಹಿಸಿದರೂ ಇಂತಹ ಕಡತವನ್ನು ತೆರೆಯಕೂಡದು. ಆಪ್ ಬೇಕಾದಲ್ಲಿ ಫೋನಿನಲ್ಲಿರುವ ಪ್ಲೇ ಸ್ಟೋರಿನಿಂದಲೇ ಪಡೆಯತಕ್ಕದ್ದು.

(ಆ) ಸಹಾಯಧನದ ಹುಸಿ ಜಾಲತಾಣಗಳು.—ಸೌರಶಕ್ತಿಯ ಪಂಪುಗಳಿಗೆ ಸಹಾಯಧನವನ್ನು ಕೊಡುವ ಪಿ.ಎಂ.-ಕುಸುಮ್ ಯೋಜನೆಯು ೨೦೧೯ರಲ್ಲಿ ಪ್ರಾರಂಭವಾದ ಮೇಲೆ, ಅದರ ಹೆಸರಿನಲ್ಲಿ ಹುಸಿ ಜಾಲತಾಣಗಳನ್ನು ತೆರೆದು ನೋಂದಣಿಯ ಶುಲ್ಕವೆಂದು ರೈತರಿಂದ ಹಣವನ್ನು ಕಿತ್ತುಕೊಂಡ ಪ್ರಕರಣಗಳು ನಡೆದುವು. ಸಂಬಂಧಪಟ್ಟ ಕೇಂದ್ರ ಇಲಾಖೆಯವರು ಈ ಬಗ್ಗೆ ಹಲವು ಸಲ ಎಚ್ಚರಿಕೆಯ ಪ್ರಕಟಣೆಗಳನ್ನು ಹೊರಡಿಸಿದರು. ಅರ್ಧ ಬೆಲೆಗೆ ಟ್ರಾಕ್ಟರು, ಬಡ್ಡಿಯಿಲ್ಲದ ಸಾಲ, ಗೊಬ್ಬರದ ಏಜೆನ್ಸಿ ಎಂಬ ಜಾಹೀರಾತುಗಳೂ ಇದೇ ಜಾತಿಯವು. ಸರ್ಕಾರದ ಜಾಲತಾಣದ ವಿಳಾಸವು ಸಾಮಾನ್ಯವಾಗಿ ‘ಡಾಟ್ ಜಿ.ಓ.ವಿ. ಡಾಟ್ ಇನ್’ ಎಂದು ಕೊನೆಗಾಣುತ್ತದೆ. ಬ್ಯಾಂಕುಗಳು ತಮ್ಮ ವಿಳಾಸಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯುಳ್ಳವನ್ನಾಗಿ ಮಾಡಿಕೊಳ್ಳತಕ್ಕದ್ದೆಂದು ರಿಸರ್ವ್ ಬ್ಯಾಂಕಿನವರು ೨೦೨೫ರಲ್ಲಿ ವಿಧಿಸಿದರು. ವಿಳಾಸದ ಬಾಲವನ್ನು ನೋಡುವ ಅಭ್ಯಾಸವು ದನದ ಹಲ್ಲನ್ನು ನೋಡಿ ಕೊಳ್ಳುವ ಅಭ್ಯಾಸದಷ್ಟೇ ಉಪಯುಕ್ತವಾದುದು. ಸಂಶಯವುಂಟಾದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳುವುದೇ ಲೇಸು. ೨೦೦೪ರಿಂದ ನಡೆದು ಬಂದಿರುವ ಕಿಸಾನ್ ಕಾಲ್ ಸೆಂಟರಿಗೆ ೧೮೦೦-೧೮೦-೧೫೫೧ರ ಮೂಲಕ ಖರ್ಚಿಲ್ಲದೆ ಮಾತನಾಡಿಯೂ ತಿಳಿಯಬಹುದು.

(ಇ) ಜಮೀನಿನಲ್ಲಿ ಮೊಬೈಲ್ ಗೋಪುರ.—ಈ ಮೋಸವು ವಿಶೇಷವಾಗಿ ಜಮೀನುದಾರರನ್ನು ಕುರಿತುದಾಗಿದೆ. ‘ನಿಮ್ಮ ಸರ್ವೆ ನಂಬರು ಗೋಪುರಕ್ಕೆ ಆಯ್ಕೆಯಾಗಿದೆ, ಲಕ್ಷಗಟ್ಟಲೆ ಮುಂಗಡವೂ ತಿಂಗಳ ಬಾಡಿಗೆಯೂ ಮನೆಯೊಬ್ಬರಿಗೆ ಕೆಲಸವೂ ಉಂಟು’ ಎಂದು ಪತ್ರ ಬರುತ್ತದೆ. ಅದರ ಮೇಲೆ ಸಿಂಹಮುದ್ರೆಯೂ ಅಧಿಕಾರಿಯ ರುಜುವೂ ಇರುತ್ತವೆ. ಆಮೇಲೆ ನೋಂದಣಿ, ತೆರಿಗೆ, ನಿರಾಕ್ಷೇಪಣಾ ಪತ್ರ ಎಂದು ಒಂದೊಂದಾಗಿ ಹಣವನ್ನು ಕಟ್ಟಿಸಿಕೊಳ್ಳುತ್ತಾರೆ. ಮೊದಲು ಕಟ್ಟಿದುದು ಹೋಗಬಾರದೆಂಬ ಆಶೆಯಿಂದ ಎರಡನೆಯದನ್ನೂ, ಎರಡನೆಯದಕ್ಕಾಗಿ ಮೂರನೆಯದನ್ನೂ ಕಟ್ಟಿ ರೈತನು ಸಾಲಗಾರನಾಗುವನು. ಗೋಪುರ ಹಾಕಲು ಸ್ಥಳವನ್ನು ಬಾಡಿಗೆಗೆ ಕೊಡುವ ವಿಷಯದಲ್ಲಿ ತಾವು ಯಾವ ಶುಲ್ಕವನ್ನೂ ವಿಧಿಸುವುದಿಲ್ಲ, ಯಾವ ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು ಸ್ಪಷ್ಟಪಡಿಸಿದ್ದಾರೆ. ಸ್ಥಳವನ್ನು ಬಾಡಿಗೆಗೆ ತೆಗೆದುಕೊಳ್ಳುವವನು ಹಣವನ್ನು ಕೊಡತಕ್ಕವನೇ ಹೊರತು ಕೇಳತಕ್ಕವನಲ್ಲವೆಂಬ ಲೋಕನ್ಯಾಯವನ್ನು ನೆನೆದರೂ ಸಾಕು.

(ಈ) ಕೊಳ್ಳುವವನ ವೇಷ.—ಹಸುವನ್ನೋ ಹಳೆಯ ಟಿಲ್ಲರನ್ನೋ ಮಾರುವುದಾಗಿ ರೈತನು ಅಂತರ್ಜಾಲದಲ್ಲಿ ತಿಳಿಸಿದ ಮೇಲೆ, ತಾನು ಸೈನ್ಯದಲ್ಲಿರುವವನೆಂದು ಹೇಳಿಕೊಂಡು ಒಬ್ಬನು ಚೌಕಾಸಿಯನ್ನೇ ಮಾಡದೆ ಒಪ್ಪಿ, ‘ಹಣ ಪಡೆಯಲು ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ’ ಎನ್ನುವನು. ಇಲ್ಲಿ ಎಲ್ಲರೂ ಬಾಯಿಪಾಠ ಮಾಡತಕ್ಕ ಒಂದು ನಿಯಮವುಂಟು: ಯು.ಪಿ.ಐ. ಪಿನ್ ಹಣವನ್ನು ಕೊಡುವುದಕ್ಕೆ ಬೇಕಾದುದೇ ವಿನಾ ಪಡೆಯುವುದಕ್ಕೆ ಎಂದಿಗೂ ಬೇಕಾಗುವುದಿಲ್ಲ. ಪಿನ್ ಒತ್ತಿದೊಡನೆ ಹಣ ಹೋಗುವುದೇ ನಿಶ್ಚಯ.

(ಉ) ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆ.—ಪೋಲೀಸು ಉಡುಪನ್ನು ಧರಿಸಿ, ಹಿಂದೆ ಠಾಣೆಯಂತೆ ಕಾಣುವ ಗೋಡೆಯನ್ನು ಇಟ್ಟುಕೊಂಡು, ವೀಡಿಯೋ ಕರೆಯಲ್ಲಿ ಒಬ್ಬನು ಕಾಣಿಸಿಕೊಳ್ಳುವನು. ‘ನಿಮ್ಮ ಆಧಾರ್ ಮೇಲೆ ಮಾದಕ ವಸ್ತುಗಳ ಪಾರ್ಸೆಲ್ ಬಂದಿದೆ, ನೀವು ಈಗಿನಿಂದ ಬಂಧನದಲ್ಲಿದ್ದೀರಿ, ಕ್ಯಾಮರಾದ ಮುಂದಿನಿಂದ ಏಳಕೂಡದು, ಮನೆಯವರಿಗೂ ಹೇಳಕೂಡದು’ ಎಂದು ಗದರಿಸುವನು. ಬಳಿಕ ‘ತನಿಖೆಗಾಗಿ’ ಬ್ಯಾಂಕಿನಲ್ಲಿರುವುದೆಲ್ಲವನ್ನೂ ಒಂದು ಲೆಕ್ಕಕ್ಕೆ ವರ್ಗಾಯಿಸಬೇಕೆನ್ನುವನು. ನಮ್ಮ ದೇಶದ ಕಾನೂನಿನಲ್ಲಿ ಇಂತಹ ಬಂಧನವೆಂಬುದೇ ಇಲ್ಲ. ಪ್ರಧಾನ ಮಂತ್ರಿಗಳು ೨೦೨೪ರ ಅಕ್ಟೋಬರ್ ೨೭ರ ತಮ್ಮ ರೇಡಿಯೋ ಭಾಷಣದಲ್ಲಿ ಇದೇ ಸಂಗತಿಯನ್ನೆತ್ತಿ, ಮೊದಲು ತಡೆಯಿರಿ, ಯೋಚಿಸಿರಿ, ಆಮೇಲೆ ಕ್ರಮ ಕೈಗೊಳ್ಳಿರಿ ಎಂಬ ಅರ್ಥ ಬರುವಂತೆ ಜನರಿಗೆ ಬುದ್ಧಿ ಹೇಳಿದರು. ಆ ಭಾಷಣದಲ್ಲಿ ಉದಾಹರಣೆಯಾಗಿ ಕೇಳಿಸಿದ ಸಂಭಾಷಣೆಯು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯದೇ ಆಗಿತ್ತು. ಪೋಲೀಸಿನವರಾಗಲಿ, ನ್ಯಾಯಾಲಯದವರಾಗಲಿ, ಆದಾಯ ತೆರಿಗೆಯವರಾಗಲಿ ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಣವನ್ನೂ ಕೇಳುವುದಿಲ್ಲ.

೩. ಹೆಬ್ಬೆಟ್ಟಿನ ಗುರುತಿನ ರಕ್ಷಣೆ

ಜಮೀನಿನ ಕ್ರಯಪತ್ರಕ್ಕೆ ಹೆಬ್ಬೆಟ್ಟನ್ನು ಒತ್ತುವಾಗ ಎಷ್ಟು ಯೋಚಿಸಬೇಕೆಂಬುದನ್ನು ಹಿರಿಯರು ಬಲ್ಲರು. ಈಗ ಅದೇ ಹೆಬ್ಬೆಟ್ಟು ಬ್ಯಾಂಕಿನ ಬೀಗದ ಕೈಯೂ ಆಗಿದೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಿನ ಗುರುತು ಇಷ್ಟಿದ್ದರೆ ಹಳ್ಳಿಯ ಬ್ಯಾಂಕ್ ಮಿತ್ರರ ಸಣ್ಣ ಯಂತ್ರದಲ್ಲಿಯೇ ಹಣವನ್ನು ಪಡೆಯಬಹುದು; ಓ.ಟಿ.ಪಿ.ಯಾಗಲಿ ಪಿನ್ ಆಗಲಿ ಬೇಕಿಲ್ಲ. ಬ್ಯಾಂಕು ದೂರವಿರುವ ಊರುಗಳಲ್ಲಿ ಮುದುಕರಿಗೂ ಓದುಬರಹ ಬಾರದವರಿಗೂ ಇದು ದೊಡ್ಡ ಉಪಕಾರ. ಆದರೆ ೨೦೨೩ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ವಿಪರೀತವು ನಡೆಯಿತು. ನೋಂದಣಿಯಾದ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆಯನ್ನೂ ಬೆರಳಿನ ಗುರುತನ್ನೂ ಮೋಸಗಾರರು ತೆಗೆದುಕೊಂಡು, ಆ ಗುರುತಿನ ಅಚ್ಚನ್ನು ತಯಾರಿಸಿ, ಒಡೆಯನಿಗೆ ತಿಳಿಯದಂತೆ ಲೆಕ್ಕದಿಂದ ಹಣವನ್ನು ಎತ್ತಿದರು. ಹಣವನ್ನು ಕಳೆದುಕೊಂಡವರು ಯಾರೊಡನೆಯೂ ಮಾತನಾಡಿರಲಿಲ್ಲ, ಯಾವ ಅಂಕಿಯನ್ನೂ ಹೇಳಿರಲಿಲ್ಲ. ಆಸ್ತಿಯನ್ನು ಕ್ರಮವಾಗಿ ನೋಂದಣಿ ಮಾಡಿಸಿದ್ದರು, ಅಷ್ಟೆ.

ಇದಕ್ಕೆ ನಿವಾರಣೋಪಾಯವುಂಟು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಾಗಲಿ ಅವರ ಆಪ್‌ನಲ್ಲಾಗಲಿ ಬೆರಳಿನ ಗುರುತಿಗೆ ಬೀಗ ಹಾಕುವ ಅನುಕೂಲವನ್ನು ಕಲ್ಪಿಸಿದ್ದಾರೆ. ಬೀಗ ಹಾಕಿದ ಮೇಲೆ ಅಚ್ಚು ಎಷ್ಟು ಚೆನ್ನಾಗಿದ್ದರೂ ಯಂತ್ರವು ಒಪ್ಪುವುದಿಲ್ಲ. ಆದರೆ ಬೀಗವಿರುವಾಗ ನ್ಯಾಯಬೆಲೆ ಅಂಗಡಿಯಲ್ಲಿ ಒಡೆಯನ ಸ್ವಂತ ಬೆರಳನ್ನೂ ಯಂತ್ರವು ಒಪ್ಪದಾದುದರಿಂದ, ಪಡಿತರಕ್ಕೆ ಹೋಗುವಾಗ ತಾತ್ಕಾಲಿಕವಾಗಿ ಬೀಗವನ್ನು ತೆಗೆದುಕೊಳ್ಳತಕ್ಕದ್ದು. ಈ ಕೆಲಸಕ್ಕೆ ಆಧಾರ್ ಜೊತೆಯಲ್ಲಿ ಸರಿಯಾದ ಮೊಬೈಲ್ ನಂಬರು ನೋಂದಣಿಯಾಗಿರಬೇಕು. ಹಳೆಯ ನಂಬರನ್ನು ಬಿಟ್ಟವರು ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ತಿದ್ದಿಸಿಕೊಳ್ಳಲಿ. ವಿಚಾರಿಸಬೇಕಾದಲ್ಲಿ ಪ್ರಾಧಿಕಾರದ ಫೋನಿನ ಸಂಖ್ಯೆ ೧೯೪೭.

ಇದಲ್ಲದೆ, ಆಧಾರ್ ಪ್ರತಿಯನ್ನು ಕೇಳಿದವರಿಗೆಲ್ಲಾ ಕೊಡುವ ವಾಡಿಕೆಯನ್ನು ಬಿಡತಕ್ಕದ್ದು. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವಂತಹ ಮರೆಮಾಡಿದ ಪ್ರತಿಯನ್ನು ಪ್ರಾಧಿಕಾರದವರೇ ಕೊಡುತ್ತಾರೆ. ಅದು ಸಾಕಾಗುವಲ್ಲಿ ಅದನ್ನೇ ಕೊಡುವುದು. ಬ್ಯಾಂಕ್ ಮಿತ್ರರ ಯಂತ್ರದ ಮೇಲೆ ಬೆರಳನ್ನಿಟ್ಟಾಗ ‘ಗುರುತು ಹೊಂದಲಿಲ್ಲ, ಇನ್ನೊಮ್ಮೆ ಇಡಿ’ ಎಂದರೆ, ಹಾಗಾದುದಕ್ಕೆ ಚೀಟಿಯನ್ನು ಕೇಳಿ, ಲೆಕ್ಕದಲ್ಲಿ ಉಳಿದಿರುವ ಮೊತ್ತವನ್ನು ನೋಡಿಯೇ ಎರಡನೆಯ ಸಲ ಇಡತಕ್ಕದ್ದು.

೪. ಹಣ ಹೋದಾಗ ಮಾಡತಕ್ಕ ಕ್ರಮ

ಎಷ್ಟು ಎಚ್ಚರಿಕೆಯಿದ್ದರೂ ಮನುಷ್ಯನು ಕೆಲವು ಸಲ ಮೋಸಹೋಗುವನು. ಆಗ ಮೊದಲನೆಯ ಗಂಟೆಯೇ ಮುಖ್ಯವಾದುದು. ಕದ್ದ ಹಣವು ಒಂದು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಮೊದಲನೆಯ ಲೆಕ್ಕದಿಂದ ನಾಲ್ಕಕ್ಕೆ, ಅಲ್ಲಿಂದ ಹತ್ತಾರಕ್ಕೆ ಒಡೆದು ಹರಿದು, ಕೊನೆಗೆ ಎಲ್ಲಿಯೋ ನಗದಾಗಿ ಹೊರಬೀಳುತ್ತದೆ. ಕಾಲುವೆಯ ಏರಿ ಒಡೆದಾಗ ಮೇಲಿನ ತೂಬನ್ನು ಕೂಡಲೇ ಮುಚ್ಚಿದರೆ ನೀರು ಉಳಿಯುವಂತೆ, ಹಣವು ಮುಂದಿನ ಲೆಕ್ಕಗಳಿಗೆ ದಾಟುವುದಕ್ಕೆ ಮುಂಚೆ ತಡೆದಲ್ಲಿ ಮಾತ್ರ ಅದು ಉಳಿಯುವ ಸಂಭವವುಂಟು.

ಇದಕ್ಕಾಗಿ ಕೇಂದ್ರ ಸರ್ಕಾರದವರು ಇಡೀ ದೇಶಕ್ಕೆ ಒಂದೇ ಫೋನಿನ ಸಂಖ್ಯೆಯನ್ನು ಏರ್ಪಡಿಸಿದ್ದಾರೆ. ಅದು ೧೯೩೦—ಒಂದು, ಒಂಬತ್ತು, ಮೂರು, ಸೊನ್ನೆ. ಈ ಸಂಖ್ಯೆಗೆ ಕರೆಮಾಡಿ, ಹಣ ಹೋದ ಲೆಕ್ಕ, ಮೊತ್ತ, ಹೊತ್ತು, ವರ್ಗಾವಣೆಯ ಸಂಖ್ಯೆ ಇವನ್ನು ತಿಳಿಸಿದರೆ, ಹಣವು ಯಾವ ಯಾವ ಬ್ಯಾಂಕುಗಳಿಗೆ ಹೋಗಿದೆಯೋ ಆ ಬ್ಯಾಂಕುಗಳಿಗೆಲ್ಲಾ ತಡೆಯ ಸೂಚನೆಯು ಹೋಗುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರನ್ನು ದಾಖಲು ಮಾಡಬಹುದು. ಜೊತೆಯಲ್ಲಿಯೇ ಸ್ವಂತ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಅನಂತರ ಹತ್ತಿರದ ಪೋಲೀಸು ಠಾಣೆಗಾಗಲಿ, ಜಿಲ್ಲೆಯ ಸೈಬರ್ ಅಪರಾಧಗಳ ಠಾಣೆಗಾಗಲಿ ಹೋಗುವುದು. ಅಪರಾಧವು ತಮ್ಮ ಎಲ್ಲೆಯಲ್ಲಿ ನಡೆದಿಲ್ಲವೆಂಬ ಕಾರಣದಿಂದ ದೂರನ್ನು ನಿರಾಕರಿಸುವಂತಿಲ್ಲವೆಂಬುದು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆಯ ಶಾಸನದಲ್ಲಿಯೇ ಸೇರಿದೆ.

ಬೇಗನೆ ತಿಳಿಸುವುದರಿಂದ ಇನ್ನೂ ಒಂದು ಪ್ರಯೋಜನವುಂಟು. ಬ್ಯಾಂಕಿನದೂ ಅಲ್ಲದ, ಗಿರಾಕಿಯದೂ ಅಲ್ಲದ ತಪ್ಪಿನಿಂದ ಹಣ ಹೋದಲ್ಲಿ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗಿರಾಕಿಗೆ ನಷ್ಟವಿಲ್ಲವೆಂದು ರಿಸರ್ವ್ ಬ್ಯಾಂಕಿನವರು ೨೦೧೭ರ ಜುಲೈ ತಿಂಗಳಲ್ಲಿ ನಿಯಮವನ್ನು ಹೊರಡಿಸಿದರು. ಬೆರಳಿನ ಅಚ್ಚಿನಂತಹ ಮೋಸಗಳಲ್ಲಿ ಈ ನಿಯಮವು ಉಪಯೋಗಕ್ಕೆ ಬರತಕ್ಕದ್ದು. ಗುಟ್ಟಿನ ಅಂಕಿಯನ್ನು ಗಿರಾಕಿಯೇ ಹೇಳಿದ್ದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವು ಅವನದೇ ಎಂದೂ, ತಿಳಿಸಿದ ಮೇಲಿನದು ಬ್ಯಾಂಕಿನದೆಂದೂ ಅದರಲ್ಲಿ ಹೇಳಿದೆ. ಅಂದಮೇಲೆ ಎರಡು ಸಂದರ್ಭಗಳಲ್ಲಿಯೂ ತಡಮಾಡುವುದೇ ನಷ್ಟಕ್ಕೆ ಕಾರಣ.

ತಡವಾಗುವುದಕ್ಕೆ ಮುಖ್ಯವಾದ ಕಾರಣವು ಅಜ್ಞಾನವಲ್ಲ, ನಾಚಿಕೆ. ಮೋಸಹೋದವನು ಊರವರು ನಗುವರೆಂದು ಅಂಜಿ, ಹೆಂಡತಿಮಕ್ಕಳಿಗೂ ಹೇಳದೆ ನುಂಗಿಕೊಳ್ಳುವನು. ಪರರ ಬೆದರಿಕೆಗೆ ಸಿಕ್ಕಿದ ಹುಡುಗರೂ ಹೆಣ್ಣುಮಕ್ಕಳೂ, ತಮ್ಮ ಭಾವಚಿತ್ರವನ್ನು ಕೆಡಿಸಿ ಹಂಚುವೆವೆಂದು ಹೆದರಿಸಲ್ಪಟ್ಟಾಗ, ಇನ್ನೂ ಹೆಚ್ಚಾಗಿ ಮೌನದಲ್ಲಿ ಬೇಯುವರು. ಮನೆಯಲ್ಲಿ ಕಳ್ಳತನವಾದವನನ್ನು ನಾವು ಹಾಸ್ಯ ಮಾಡುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ ನಡೆದುಕೊಳ್ಳತಕ್ಕದ್ದು. ‘ಬಂದು ಹೇಳಿದೆಯಲ್ಲಾ, ಒಳ್ಳೆಯದಾಯಿತು’ ಎಂಬ ಹಿರಿಯನ ಒಂದು ಮಾತಿನಿಂದ ಹಣವಲ್ಲದೆ ಪ್ರಾಣವೂ ಉಳಿಯಬಹುದು.

೫. ಲೆಕ್ಕವನ್ನು ಬಾಡಿಗೆಗೆ ಕೊಡುವ ಅಪರಾಧ

ಕದ್ದ ಹಣವು ಹರಿದುಹೋಗುವ ಲೆಕ್ಕಗಳು ಯಾರವು? ಇವುಗಳಲ್ಲಿ ಅನೇಕವು ಹಳ್ಳಿಯ ಬಡ ಯುವಕರ ಹೆಸರಿನಲ್ಲಿರುತ್ತವೆ. ‘ನಿನ್ನ ಪಾಸ್‌ಬುಕ್ಕು, ಎ.ಟಿ.ಎಂ. ಕಾರ್ಡು, ಸಿಮ್ ಇವನ್ನು ಕೊಟ್ಟರೆ ಕೆಲವು ಸಾವಿರ ರೂಪಾಯಿ ಕೊಡುವೆವು. ಕೆಲಸವೇನೂ ಇಲ್ಲ’ ಎಂದು ದಲ್ಲಾಳಿಗಳು ಆಶೆ ತೋರಿಸುವರು. ಕೊಟ್ಟವನು ಇನ್ನೊಬ್ಬ ರೈತನ ಮನೆ ಮುರಿಯುವುದಕ್ಕೆ ತನ್ನ ಮನೆಯ ಹಿತ್ತಿಲ ಬಾಗಿಲನ್ನು ತೆರೆದುಕೊಟ್ಟಂತಾಗುತ್ತದೆ. ಪೋಲೀಸಿನವರು ಮೊದಲು ಬಂದು ನಿಲ್ಲುವುದೂ ಅವನ ಬಾಗಿಲಿನಲ್ಲಿಯೇ. ಬೇರೊಬ್ಬನ ಹೆಸರು ಧರಿಸಿ ಗಣಕಯಂತ್ರದ ಮೂಲಕ ವಂಚಿಸುವವನಿಗೆ ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಶಾಸನದ ೬೬-ಡಿ ವಿಭಾಗದ ಮೇರೆಗೆ ಮೂರು ವರ್ಷಗಳವರೆಗೆ ಸೆರೆಮನೆವಾಸವೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಅಂತಹವನಿಗೆ ತಿಳಿದು ನೆರವಾದವನೂ ಪ್ರಕರಣದಲ್ಲಿ ಸಿಲುಕುವನು. ತಿಳಿಯದೆ ಕೊಟ್ಟವನ ಲೆಕ್ಕವೂ ಸ್ತಂಭಿತವಾಗಿ, ಕಂತಿನ ಹಣವನ್ನೂ ಹಾಲಿನ ಹಣವನ್ನೂ ತೆಗೆಯಲಾರದೆ ಅಲೆದಾಡಬೇಕಾಗುವುದು.

ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂಬುದನ್ನು ಪ್ರತಿಯೊಬ್ಬರೂ ೨೦೨೩ರಲ್ಲಿ ದೂರಸಂಪರ್ಕ ಇಲಾಖೆಯವರು ತೆರೆದ ‘ಸಂಚಾರ ಸಾಥಿ’ ಎಂಬ ಜಾಲತಾಣದಲ್ಲಿ ನೋಡಬಹುದು. ತಮ್ಮದಲ್ಲದ ನಂಬರು ಅಲ್ಲಿ ಕಂಡರೆ ಅಲ್ಲಿಯೇ ತಿಳಿಸಿ ತೆಗೆಯಿಸತಕ್ಕದ್ದು. ಕಳೆದುಹೋದ ಫೋನನ್ನು ನಿರುಪಯೋಗಿ ಮಾಡಿಸುವುದಕ್ಕೂ ಅಲ್ಲಿ ಅವಕಾಶವುಂಟು.

೬. ಗಾಳಿಮಾತನ್ನು ಹರಡುವುದರಿಂದಾಗುವ ಅನರ್ಥ

ಇದುವರೆಗೆ ಹೇಳಿದುದು ಪರರಿಂದ ನಮಗಾಗುವ ಕೇಡು. ನಮ್ಮಿಂದ ಪರರಿಗಾಗುವ ಕೇಡನ್ನೂ ಯೋಚಿಸುವುದು ಧರ್ಮ. ಬಂದ ಸಂದೇಶವನ್ನು ಓದುವುದಕ್ಕೆ ಮುಂಚೆಯೇ ಹತ್ತು ಜನಕ್ಕೆ ಕಳುಹಿಸುವ ಚಾಳಿಯು ಎಷ್ಟು ಘೋರವಾದ ಫಲವನ್ನು ಕೊಟ್ಟಿದೆಯೆಂಬುದಕ್ಕೆ ೨೦೧೮ನೆಯ ಇಸವಿಯೇ ಸಾಕ್ಷಿ. ಆ ವರ್ಷ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುಳ್ಳು ವರ್ತಮಾನವು ದೇಶದ ಅನೇಕ ಕಡೆಗಳಲ್ಲಿ ವಾಟ್ಸಪ್ಪಿನ ಮೂಲಕ ಹಬ್ಬಿತು. ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯ ಸಂತೆಗೆ ಬಂದಿದ್ದ, ಭಿಕ್ಷೆಯಿಂದ ಜೀವಿಸುವ ಅಲೆಮಾರಿ ಪಂಗಡದ ಐದು ಮಂದಿಯನ್ನು ಜನರು ಹಿಡಿದು, ಗ್ರಾಮ ಪಂಚಾಯಿತಿಯ ಕಚೇರಿಯ ಕೋಣೆಯಲ್ಲಿಯೇ ಬಡಿದು ಕೊಂದರು. ಜುಲೈ ೧೩ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಎಂಬ ಗ್ರಾಮದಲ್ಲಿ ಅದೇ ಬಗೆಯ ಕೃತ್ಯ ನಡೆಯಿತು. ಶಾಲೆಯ ಮಕ್ಕಳಿಗೆ ಚಾಕೊಲೇಟುಗಳನ್ನು ಹಂಚಿದ ಪರವೂರಿನವರ ಮೇಲೆ ಒಂದು ಹಳ್ಳಿಯಲ್ಲಿ ಸಂಶಯ ಹುಟ್ಟಿತು. ಅವರು ಕಾರಿನಲ್ಲಿ ಹೊರಡುವಷ್ಟರಲ್ಲಿ ಸಂದೇಶವು ಮುಂದಿನ ಊರನ್ನು ಮುಟ್ಟಿತ್ತು. ಅಲ್ಲಿನವರು ದಾರಿಯನ್ನು ಅಡ್ಡಗಟ್ಟಿದರು. ಒಬ್ಬ ಯುವಕನು ಪ್ರಾಣವನ್ನು ಕಳೆದುಕೊಂಡನು. ಅವನ ಸ್ನೇಹಿತರೂ ಬಿಡಿಸಲು ಹೋದ ಪೋಲೀಸಿನವರೂ ಗಾಯಗೊಂಡರು. ಸತ್ತವರಲ್ಲಿ ಯಾರೂ ಮಕ್ಕಳ ಕಳ್ಳರಾಗಿರಲಿಲ್ಲ. ಹೊಡೆದವರಾದರೂ ಹುಟ್ಟುಕಟುಕರಲ್ಲ; ನಮ್ಮ ನಿಮ್ಮಂತೆ ಬೇಸಾಯಗಾರರು, ಮಕ್ಕಳೊಂದಿಗರು. ಒಂದು ಗಂಟೆಯ ಗಾಳಿಮಾತಿನಿಂದ ಕೊಲೆಗಾರರೆನಿಸಿಕೊಂಡು ಊರಿನ ಹತ್ತಾರು ಮಂದಿ ಸೆರೆಮನೆಯನ್ನು ಸೇರಿದರು.

ಈ ಕೊಲೆಗಳಾದ ಮೇಲೆ ವಾಟ್ಸಪ್ ಕಂಪನಿಯವರು ೨೦೧೮ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೆ ಕಳುಹಿಸುವಂತೆ ಮಿತಿಗೊಳಿಸಿದರು. ೨೦೨೦ರಲ್ಲಿ, ಬಹಳ ಕೈಗಳನ್ನು ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಮಾಡಿದರು. ಅಂತಹ ಸಂದೇಶದ ಮೇಲೆ ಎರಡು ಬಾಣದ ಗುರುತು ಕಾಣುತ್ತದೆ. ಎರಡು ಬಾಣಗಳನ್ನು ಕಂಡಲ್ಲಿ, ಅದನ್ನು ಬರೆದವನಾರೆಂಬುದು ಕಳುಹಿಸಿದವನಿಗೂ ತಿಳಿಯದೆಂದು ಭಾವಿಸತಕ್ಕದ್ದು.

ಪ್ರಾಣಹಾನಿಯಿಲ್ಲದ ಗಾಳಿಮಾತೂ ಹಾನಿಯಿಲ್ಲದುದಲ್ಲ. ಹತ್ತು ರೂಪಾಯಿಯ ನಾಣ್ಯವು ಚಲಾವಣೆಯಿಂದ ಹೋಯಿತೆಂಬ ಸುದ್ದಿಯು ನಮ್ಮ ಸಂತೆಗಳಲ್ಲಿ ಎಷ್ಟು ಜಗಳಗಳಿಗೆ ಕಾರಣವಾಯಿತೆಂಬುದು ಎಲ್ಲರಿಗೂ ನೆನಪಿರಬಹುದು. ೧೪ ಬಗೆಯ ಹತ್ತು ರೂಪಾಯಿ ನಾಣ್ಯಗಳೂ ಸಿಂಧುವಾದುವೆಂದು ರಿಸರ್ವ್ ಬ್ಯಾಂಕಿನವರು ೨೦೧೮ರ ಜನವರಿಯಲ್ಲಿ ಪ್ರಕಟಿಸಿದ ಮೇಲೆಯೂ ಅನೇಕ ಅಂಗಡಿಯವರು ಒಪ್ಪಲಿಲ್ಲ. ಸುಳ್ಳು ಓಡಿದ ದಾರಿಯಲ್ಲಿ ನಿಜವು ಕುಂಟುತ್ತಾ ಹೋಗುವುದೇ ಲೋಕದ ವಾಡಿಕೆ. ಯಾವನೋ ಹೇಳಿದ ಔಷಧವನ್ನು ಪೈರಿಗೆ ಸಿಂಪಡಿಸುವುದು, ಧಾರಣೆ ಬೀಳುವುದೆಂಬ ಸುದ್ದಿಯಿಂದ ಮಾಲನ್ನು ಅಗ್ಗಕ್ಕೆ ಮಾರುವುದು ಇವೂ ಇದೇ ಗುಂಪಿಗೆ ಸೇರಿದುವು. ಸಾರ್ವಜನಿಕರಲ್ಲಿ ಭಯವನ್ನೋ ದ್ವೇಷವನ್ನೋ ಹುಟ್ಟಿಸುವ ಸುಳ್ಳನ್ನು ಹರಡುವುದು ಭಾರತೀಯ ನ್ಯಾಯ ಸಂಹಿತೆಯ ೩೫೩ನೆಯ ವಿಭಾಗದಂತೆ ಶಿಕ್ಷಾರ್ಹವಾದ ಅಪರಾಧವೂ ಆಗಿರುತ್ತದೆ.

೭. ಗ್ರಾಮಮುಖ್ಯಸ್ಥರ ಕರ್ತವ್ಯ

ಹಿಂದೆ ಪಟೇಲರು, ಶ್ಯಾನುಭೋಗರು, ತಳವಾರ, ತೋಟಿ ಇವರು ಊರಿನ ಎಲ್ಲೆಯನ್ನು ಕಾಯುತ್ತಿದ್ದರು. ಹೊಸಬನು ಊರಿಗೆ ಬಂದರೆ ಅವನಾರು, ಎತ್ತಲಿನವನು ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ವಂಶಪಾರಂಪರ್ಯವಾದ ಆ ಅಧಿಕಾರಗಳು ೧೯೬೧ರ ಶಾಸನದಿಂದ ರದ್ದಾದುವು. ಆದಾಗ್ಯೂ ಊರಿನ ಹಿರಿಯರ ಮಾತಿಗಿರುವ ಗೌರವವು ರದ್ದಾಗಿಲ್ಲ. ಈಗ ಹೊಸಬರು ಅಗಸೆಯ ಬಾಗಿಲಿನಿಂದ ಬರದೆ ಫೋನಿನ ಮೂಲಕ ಒಂದೊಂದು ಮನೆಯೊಳಕ್ಕೂ ನೇರವಾಗಿ ಬರುತ್ತಿರುವುದರಿಂದ, ಹಿರಿಯರ ವಿಚಾರಣೆಯು ಮೊದಲಿಗಿಂತಲೂ ಹೆಚ್ಚಾಗಿ ಬೇಕಾಗಿದೆ. ಪಂಚಾಯಿತಿಯ ಅಧ್ಯಕ್ಷರೂ ಸದಸ್ಯರೂ ದೊಡ್ಡ ಹಿಡುವಳಿದಾರರೂ ಈ ಕೆಳಗೆ ಕಂಡ ಕೆಲಸಗಳನ್ನು ಹೆಚ್ಚು ಖರ್ಚಿಲ್ಲದೆ ಮಾಡಬಹುದು:—

(೧) ೧೯೩೦ ಎಂಬ ಸಂಖ್ಯೆಯನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ, ಸಹಕಾರ ಸಂಘ, ನ್ಯಾಯಬೆಲೆ ಅಂಗಡಿ ಇವುಗಳ ಗೋಡೆಗಳ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆಯಿಸುವುದು.

(೨) ಪ್ರತಿ ಗ್ರಾಮಸಭೆಯಲ್ಲಿಯೂ ಕಾಲು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಟ್ಟು, ಆಚೆಯೀಚೆಯ ಊರುಗಳಲ್ಲಿ ನಡೆದ ಹೊಸ ಮೋಸಗಳನ್ನು, ಮೋಸಹೋದವರ ಹೆಸರನ್ನು ಹೇಳದೆ, ಎಲ್ಲರಿಗೂ ತಿಳಿಯಪಡಿಸುವುದು.

(೩)ಊರಿನಲ್ಲಿ ಓದಿದ ಇಬ್ಬರು ಮೂವರು ಯುವಕ ಯುವತಿಯರನ್ನು ಗೊತ್ತುಮಾಡಿ, ಮುದುಕರಿಗೂ ಒಂಟಿ ಹೆಂಗಸರಿಗೂ ಬೆರಳಿನ ಗುರುತಿಗೆ ಬೀಗ ಹಾಕಿಕೊಡುವ ಕೆಲಸವನ್ನು ಅವರಿಗೆ ವಹಿಸುವುದು. ಇವರು ಯಾರ ಪಿನ್ನನ್ನೂ ಕೇಳಕೂಡದು, ಯಾರೂ ಇವರಿಗೆ ಹೇಳಲೂ ಕೂಡದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

(೪) ಊರಿನ ವಾಟ್ಸಪ್ ಗುಂಪಿನ ಯಜಮಾನಿಕೆಯನ್ನು ವಹಿಸಿದವರು, ಸುಳ್ಳು ಸುದ್ದಿ, ಜಾತಿಜಗಳ, ಹೆಣ್ಣುಮಕ್ಕಳ ಅವಹೇಳನ ಇವು ಬಂದಲ್ಲಿ ಆ ಕ್ಷಣವೇ ತೆಗೆದುಹಾಕಿ, ಕಳುಹಿಸಿದವನನ್ನು ಎಚ್ಚರಿಸುವುದು. ಸದಸ್ಯನು ಹಾಕಿದುದಕ್ಕಾಗಿ ಮಾತ್ರವೇ ಗುಂಪಿನ ಯಜಮಾನನು ಅಪರಾಧಿಯಾಗುವುದಿಲ್ಲವೆಂದು ೨೦೨೧ರಲ್ಲಿ ಮುಂಬಯಿ ಹೈಕೋರ್ಟಿನವರೂ ೨೦೨೨ರಲ್ಲಿ ಕೇರಳ ಹೈಕೋರ್ಟಿನವರೂ ತೀರ್ಪಿತ್ತಿದ್ದಾರೆ. ಆದರೆ ನ್ಯಾಯಾಲಯವು ಬಿಟ್ಟ ಮಾತ್ರಕ್ಕೆ ಊರಿನ ಯಜಮಾನನಿಗೆ ಊರಿನ ಹೊಣೆಯು ತಪ್ಪುವುದಿಲ್ಲ.

(೫) ಪರವೂರಿನವರ ಮೇಲೆ ಸಂಶಯ ಹುಟ್ಟಿ ಜನರು ಸೇರಿದಲ್ಲಿ, ಹಿರಿಯರು ತಾವೇ ಮುಂದೆ ನಿಂತು, ಆ ಮನುಷ್ಯರನ್ನು ಭದ್ರವಾದ ಸ್ಥಳದಲ್ಲಿ ಕೂರಿಸಿ, ೧೧೨ಕ್ಕೆ ಕರೆಮಾಡಿ ಪೋಲೀಸಿನವರು ಬರುವವರೆಗೂ ಯಾರೂ ಕೈಮಾಡದಂತೆ ಕಾಯುವುದು.

ಸಾರಾಂಶ

ಓ.ಟಿ.ಪಿ., ಪಿನ್ ಇವನ್ನು ಯಾರಿಗೂ ಹೇಳಕೂಡದು. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ವಾಟ್ಸಪ್ಪಿನಲ್ಲಿ ಬಂದ ಎ.ಪಿ.ಕೆ. ಕಡತವನ್ನು ತೆರೆಯಕೂಡದು. ಫೋನಿನಲ್ಲಿ ಬಂಧನವೆಂಬುದಿಲ್ಲ. ಗೋಪುರಕ್ಕೂ ಸಹಾಯಧನಕ್ಕೂ ಮುಂಗಡ ಕೇಳಿದವನು ಮೋಸಗಾರನು. ಬೆರಳಿನ ಗುರುತಿಗೆ ಬೀಗವಿರಲಿ. ಲೆಕ್ಕವನ್ನೂ ಸಿಮ್ಮನ್ನೂ ಪರರಿಗೆ ಕೊಡಕೂಡದು. ನಿಜವೆಂದು ತಿಳಿಯದ ಸುದ್ದಿಯನ್ನು ಮುಂದಕ್ಕೆ ಕಳುಹಿಸಕೂಡದು. ಹಣ ಹೋದಲ್ಲಿ ನಾಚದೆ, ತಡಮಾಡದೆ, ೧೯೩೦ಕ್ಕೆ ತಿಳಿಸತಕ್ಕದ್ದು.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದ ಕಥೆಯಾಗದಂತೆ, ಗ್ರಾಮಮುಖ್ಯಸ್ಥರೂ ಜಮೀನುದಾರರೂ ಮುಂದಿನ ಕಂತಿನ ಹಣವು ಬರುವುದಕ್ಕೆ ಮುಂಚೆಯೇ ತಂತಮ್ಮ ಊರುಗಳಲ್ಲಿ ಈ ಎಚ್ಚರಿಕೆಗಳನ್ನು ಓದಿ ಹೇಳಿಸಿ, ಓದುಬಾರದವರಿಗೂ ಮನದಟ್ಟಾಗುವಂತೆ ಮಾಡುವರೆಂದು ನಂಬಲಾಗಿದೆ.